ಸಂಖೇಡಾದಲ್ಲಿ ಮಾಡಿಸಿದ ತೊಟ್ಟಿಲು

ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿದ ದಿನ ಆಸ್ಪತ್ರೆಯ ಕಾರಿಡಾರಿನಲ್ಲೇ ನಾನು ಒಂದು ಘೋಷಣೆ ಮಾಡಿಬಿಟ್ಟೆ. ಹೆಸರಿಡುವ ದಿನ ನನ್ನ ಮೊಮ್ಮಗಳು ಮಲಗುವುದು ನಾವು ಮಾಡಿಸಿಕೊಟ್ಟ ತೊಟ್ಟಿಲಿನಲ್ಲಿ, ಬೇರೆ ಯಾವುದರಲ್ಲೂ ಅಲ್ಲ. ನಮ್ಮವರು ಪೇಢೆಯ ಡಬ್ಬಿ ಬಿಚ್ಚುತ್ತ, ಮೊದಲು ಕೂಸಿನ ಮುಖ ನೋಡೋಣ, ತೊಟ್ಟಿಲಿನ ಮಾತು ಆಮೇಲೆ ಎಂದರು. ಮುಖವನ್ನೂ ನೋಡಿದೆ. ನೋಡಿದ ಮೇಲೆ ನನ್ನ ಹಟ ಇನ್ನಷ್ಟು ಗಟ್ಟಿಯಾಯಿತು.

ನಾವು ಧಾರವಾಡದ ಕಡೆಯವರು. ನಮ್ಮವರ ಬ್ಯಾಂಕಿನ ನೌಕರಿ ನಮ್ಮನ್ನು ಗುಜರಾತಿಗೆ ಎಳೆದು ತಂದಿತು. ಮೊದಲು ಸೂರತ್, ಆಮೇಲೆ ಅಹಮದಾಬಾದ್, ಕೊನೆಗೆ ವಡೋದರಾ. ನಿವೃತ್ತಿಯಾದ ಮೇಲೆ ಊರಿಗೆ ಹೋಗಿಬಿಡುವ ಮಾತನ್ನು ಎರಡು ವರ್ಷ ಆಡಿದೆವು. ಅಷ್ಟರಲ್ಲಿ ಮಗಳು ಅಹಮದಾಬಾದಿನ ಗುಜರಾತಿ ಹುಡುಗನನ್ನು ಮೆಚ್ಚಿಕೊಂಡಳು, ಆ ಮಾತು ಅಲ್ಲಿಗೇ ನಿಂತಿತು. ಬೀಗರು ಬಹಳ ಒಳ್ಳೆಯವರು. ಅವರ ಒಳ್ಳೆಯತನವೇ ನನಗೆ ಕಷ್ಟವಾಗಿತ್ತು. ಮದುವೆಯಲ್ಲಿ ನಾವು ಏನು ಮಾಡಹೋದರೂ ಅವರು ಅದನ್ನು ಮೊದಲೇ ಮಾಡಿ ಮುಗಿಸಿರುತ್ತಿದ್ದರು. ಹೆತ್ತವಳಾದ ನಾನು ನನ್ನ ಮಗಳ ಮದುವೆಯಲ್ಲೇ ಊಟಕ್ಕೆ ಬಂದವಳಂತೆ ಓಡಾಡಿದೆ. ಇನ್ನು ಈ ಕೂಸು ಬೆಳೆದು ಮಾತಾಡುವುದೂ ಗುಜರಾತಿಯೇ, ಉಣ್ಣುವುದೂ ಢೋಕಳಾವೇ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಏನಾದರೂ ಒಂದು, ಒಂದೇ ಒಂದು, ನಮ್ಮ ಕಡೆಯದು ಅದರ ಪಾಲಿಗೆ ಇರಲಿ ಎಂಬ ಆಸೆ ನನಗೆ ಗಂಟುಬಿದ್ದಿತ್ತು.

ಇನ್ನೊಂದು ಕಾರಣವೂ ಇತ್ತು. ಮಗಳು ಎರಡು ತಿಂಗಳಿನವಳಿದ್ದಾಗ ನಾವು ಸೂರತ್ತಿಗೆ ಬಂದೆವು. ನಮ್ಮವರ ಶಾಖೆ ಪಾಂಡೇಸರಾದಲ್ಲಿ, ಬಣ್ಣದ ಗಿರಣಿಗಳ ನಡುವೆ. ಬಾಡಿಗೆಯ ಎರಡೇ ಕೋಣೆ. ತವರಿನ ತೊಟ್ಟಿಲನ್ನು ರೈಲಿನಲ್ಲಿ ತರುವುದು ಆಗದ ಮಾತಾಗಿ ಅದು ಅಣ್ಣನ ಮನೆಯಲ್ಲೇ ಉಳಿಯಿತು. ಮಗಳು ಸೀರೆಯ ಜೋಲಿಯಲ್ಲಿ ಬೆಳೆದಳು. ಅವಳಿಗೇನೂ ಕಡಿಮೆಯಾಗಲಿಲ್ಲ, ಗುಂಡುಗುಂಡಾಗಿಯೇ ಇದ್ದಳು. ಕೊರಗು ನನ್ನದು.

ನಮ್ಮ ಕಡೆ ತೊಟ್ಟಿಲೆಂದರೆ ಕಲಘಟಗಿಯದು. ಸಾಗವಾನಿಯ ಹಲಗೆ, ಅದರ ಮೇಲೆ ಅರಗಿನ ಕೆಂಪು, ಹಸಿರು, ಹಳದಿ, ಸುತ್ತ ಗಿಳಿ, ಹೂಬಳ್ಳಿ, ದೇವರ ಚಿತ್ರ. ಅಣ್ಣನಿಗೆ ಫೋನು ಮಾಡಿದೆ. ತವರಿನ ಹಳೆಯ ತೊಟ್ಟಿಲು ಗೆದ್ದಲು ಹಿಡಿದು ಎಂದೋ ಹೋಗಿತ್ತು. ಮಾಡುವ ಮನೆಗಳು ಈಗ ಬೆರಳೆಣಿಕೆಯಷ್ಟು, ಇವತ್ತು ಹೇಳಿದರೆ ಕೈಗೆ ಸಿಗಲು ತಿಂಗಳುಗಟ್ಟಲೆ ಬೇಕು ಎಂದ. ಮೊದಲೇ ಹೇಳಬಾರದಿತ್ತೇ ಎಂದೂ ಕೇಳಿದ. ಕೂಸು ಹುಟ್ಟುವ ಮೊದಲು ಯಾರಾದರೂ ತೊಟ್ಟಿಲು ಮಾಡಿಸುತ್ತಾರೆಯೇ? ಹೆಸರಿಡುವುದು ನಲವತ್ತು ದಿನ ತುಂಬಿದ ಮೇಲೆ, ಬೀಗರ ಮನೆಯಲ್ಲಿ. ನನ್ನ ಕೈಯಲ್ಲಿದ್ದದ್ದು ಅಷ್ಟೇ ದಿನ.

ಬಾಣಂತನಕ್ಕೆ ಮಗಳು ವಡೋದರಾದ ನಮ್ಮ ಮನೆಯಲ್ಲೇ ಇದ್ದಳು. ನನ್ನ ಮುಖ ನೋಡಲಾರದೆ ನಮ್ಮವರೇ ದಾರಿ ತೋರಿಸಿದರು. ಇಲ್ಲಿಂದ ಒಂದು ತಾಸಿನ ಹಾದಿ ಸಂಖೇಡಾ, ಅಲ್ಲಿಯೂ ಅರಗಿನ ಕೆಲಸವೇ, ಒಂದು ಸಲ ಹೋಗಿ ಕೇಳೋಣ ಎಂದರು. ಹೇಳಿ ಆಮೇಲೆ ಪಶ್ಚಾತ್ತಾಪಪಟ್ಟರೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ಅವರು ಹಲ್ಲುಜ್ಜುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಸಂಖೇಡಾದಲ್ಲಿ ನಾವು ಹುಡುಕಿಕೊಂಡು ಹೋದ ಕಾರ್ಖಾನೆ ಎಂದರೆ ಒಂದು ಮನೆಯ ಮುಂಭಾಗ, ಅಷ್ಟೇ. ಎಪ್ಪತ್ತರ ಆಸುಪಾಸಿನ ಒಣಕಲು ಮನುಷ್ಯ ಲೇತಿನ ಮುಂದೆ ನೆಲದ ಮೇಲೆ ಕುಳಿತಿದ್ದರು. ಕಂಬದಂಥ ಒಂದು ಮರದ ತುಂಡು ಗರಗರ ತಿರುಗುತ್ತಿತ್ತು. ಅದರ ಮೇಲೆ ಮೊದಲು ತವರದ ಲೋಹ ಅರೆದ ಬಿಳಿ ಬಣ್ಣದಲ್ಲಿ ಬಳ್ಳಿ ಬರೆದಿದ್ದರು. ಆಮೇಲೆ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಂಡಿತು, ಬಿಳಿಯ ಬಳ್ಳಿ ನೋಡನೋಡುತ್ತ ಬಂಗಾರದ್ದಾಯಿತು. ಕೊನೆಗೆ ಕೇದಗೆಯ ಎಲೆ ಮಡಚಿ ಉಜ್ಜಿದರು. ಮರ ಕನ್ನಡಿಯಾಯಿತು. ನಾನು ಬಂದ ಕೆಲಸ ಮರೆತು ಅರ್ಧ ತಾಸು ನಿಂತಲ್ಲೇ ನಿಂತಿದ್ದೆ. ಮುಟ್ಟಲೇ ಎಂದು ಕೇಳಿದ್ದಕ್ಕೆ ಅವರು ನಕ್ಕು, ಇದು ಕುರ್ಚಿಯ ಕಾಲು ತಂಗೀ, ಮುಟ್ಟದಿದ್ದರೆ ಹೇಗೆ ಎಂದರು.

ನನ್ನ ಹಿಂದಿ, ಅವರ ಗುಜರಾತಿ, ನಡುವೆ ನಮ್ಮವರ ಬ್ಯಾಂಕಿನ ಗುಜರಾತಿ. ಮಾತು ಚೆನ್ನಾಗಿಯೇ ನಡೆಯಿತು. ನಾನೊಂದು ಹಳೆಯ ಫೋಟೋ ಒಯ್ದಿದ್ದೆ, ತವರಿನ ತೊಟ್ಟಿಲಿನದು. ಅದರಲ್ಲಿ ತೊಟ್ಟಿಲಿನ ಒಂದು ಮಗ್ಗುಲಿನ ಹಲಗೆ ಕಾಣುತ್ತಿತ್ತು, ಉಳಿದದ್ದಕ್ಕೆಲ್ಲ ನಮ್ಮ ಅತ್ತಿಗೆ ಅಡ್ಡ ನಿಂತಿದ್ದಳು. ಮುದುಕರು ಕನ್ನಡಕ ಏರಿಸಿ ಗಿಳಿಗಳನ್ನು ಬಹಳ ಹೊತ್ತು ನೋಡಿದರು. ತೂಗಿಬಿಡಲು ಈಗಿನ ಮನೆಗಳಲ್ಲಿ ತೊಲೆ ಎಲ್ಲಿದೆ, ಕೆಳಗೆ ನಿಲ್ಲುವ ಚೌಕಟ್ಟು ಮಾಡುತ್ತೇನೆ, ಅದಕ್ಕೆ ಹಿತ್ತಾಳೆಯ ಕೊಂಡಿಯಲ್ಲಿ ತೊಟ್ಟಿಲು ನೇತಾಡಲಿ ಎಂದರು. ಒಪ್ಪಿದೆ. ಉದ್ದ, ಅಗಲ, ಎತ್ತರ ಎಲ್ಲ ಗೆರೆ ಹಾಕಿ ಬರೆದುಕೊಂಡರು.

ಜಗಳವಾದದ್ದು ಬಣ್ಣಕ್ಕೆ. ಅವರದು ತಲೆತಲಾಂತರದಿಂದ ಕಂದುಗೆಂಪು ಮತ್ತು ಬಂಗಾರ. ನನಗೆ ಗಿಳಿಹಸಿರು ಬೇಕು. ಹಸಿರು ಹಾಕಿದರೆ ಅದು ಸಂಖೇಡಾದ ಮಾಲು ಎಂದು ಯಾರು ನಂಬುತ್ತಾರೆ ಎಂದರು. ಸಂಖೇಡಾದ್ದೆಂದು ನಂಬಬಾರದು, ಅದಕ್ಕೇ ಹಸಿರು ಕೇಳುತ್ತಿದ್ದೇನೆ ಎಂದೆ. ನಮ್ಮವರು ಎದ್ದು ಹೊರಗೆ ಚಹಾ ಹುಡುಕಿಕೊಂಡು ಹೋದರು. ಅವರು ವಾಪಸು ಬರುವಷ್ಟರಲ್ಲಿ ಹಸಿರು ಗೆದ್ದಿತ್ತು. ಬಂಗಾರದ ಅಂಚು ಮುದುಕರಿಗೆ ಬಿಟ್ಟುಕೊಟ್ಟೆ. ದೇವರ ಚಿತ್ರ ಮಾತ್ರ ಬರೆಯುವುದಿಲ್ಲ ಎಂದು ಅವರು ಕೈ ಮುಗಿದರು. ಕೂಸು ಹೇಗೂ ಒದ್ದೆ ಮಾಡುವುದೇ, ಅದರ ಪಕ್ಕ ದೇವರನ್ನು ಕೂರಿಸಿದರೆ ದೇವರು ಏನೆಂದುಕೊಂಡಾನು ಎಂಬುದು ಅವರ ವಾದ. ಅದು ನನಗೂ ಸರಿಯೆನಿಸಿತು.

ಮನೆಗೆ ಬಂದು ಹೇಳಿದರೆ ಮಗಳು ಹಣೆ ಚಚ್ಚಿಕೊಂಡಳು. ಅವಳು ಆನ್‌ಲೈನಿನಲ್ಲಿ ತರಿಸಿದ ಕ್ರಿಬ್ಬು ಆಗಲೇ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಅವರ ಮನೆಗೆ ಬಂದಿತ್ತಂತೆ, ಸೊಳ್ಳೆಪರದೆಯ ಸಮೇತ. ಗುಜರಾತಿನಲ್ಲೇ ಬೆಳೆದ ಅವಳ ಕನ್ನಡ ಸಿಟ್ಟು ಬಂದಾಗ ಇನ್ನೂ ಚೂರಾಗುತ್ತದೆ.

“ಅವ್ವಾ, ಪ್ಲೀಸ್. ಸ್ಯಾಟಲೈಟ್‌ದಾಗ ಫ್ಲ್ಯಾಟ್ ಅದು, ವಾಡೆ ಅಲ್ಲ. ಆರು ತಿಂಗಳು ಆದ್ಮ್ಯಾಲ ಆ ತೊಟ್ಟಿಲದ ಮ್ಯಾಲ ಬಟ್ಟಿ ಒಣಗಸಬೇಕಾಗ್ತದ.”

ಆ ಮಾತು ನನಗೆ ಚುಚ್ಚಿತು. ಬಾಣಂತಿಯ ಜೊತೆ ಏನು ಜಗಳವೆಂದು ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಹಳೆಯ ಸೀರೆಗಳನ್ನು ಹರಿಯಲು ಕುಳಿತೆ. ತೊಟ್ಟಿಲಿಗೆ ಹಾಸಲು ಕೌದಿ ಬೇಕಲ್ಲ. ಅದನ್ನೂ ನಾನೇ ಹೊಲಿದೆ, ಸಾಲುಸಾಲಾಗಿ, ಕೂಸು ಮಲಗಿದಾಗಲೆಲ್ಲ. ಎಂಟು ದಿನ ಬಿಟ್ಟು ನೋಡಿದರೆ ಮಗಳು ನನ್ನ ಪಕ್ಕ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು.

ನಡುವೆ ಒಂದು ಸಲ ಸಂಖೇಡಾಕ್ಕೆ ಹೋಗಿಬಂದೆ. ಕಂಬಗಳು ಒಂದು ಕಡೆ, ಮಗ್ಗುಲಿನ ನಾಲ್ಕು ಹಲಗೆಗಳು ಇನ್ನೊಂದು ಕಡೆ ಗೋಡೆಗೆ ಒರಗಿದ್ದವು. ಗಿಳಿಗಳು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ನನಗೆ ಅಲ್ಲೇ ಕುಣಿಯಬೇಕೆನಿಸಿತು. ಮೊಳೆಯಿಲ್ಲದ ಕೆಲಸ, ಗೂಟ ಹಾಕಿ ಜೋಡಿಸುವುದು, ಆ ದಿನ ತಾವೇ ಅಹಮದಾಬಾದಿಗೆ ಬಂದು ನಿಲ್ಲಿಸಿಕೊಡುತ್ತೇವೆ ಎಂದರು. ಎಲ್ಲವನ್ನೂ ಕೇಳಿದೆ, ಎಲ್ಲದಕ್ಕೂ ಉತ್ತರ ಕೊಟ್ಟರು. ಕೇಳಲೇಬೇಕಾದ ಒಂದು ಮಾತು ಮಾತ್ರ ನನಗೂ ಹೊಳೆಯಲಿಲ್ಲ, ಹೇಳಬೇಕೆಂದು ಅವರಿಗೂ ಹೊಳೆಯಲಿಲ್ಲ. ತೊಟ್ಟಿಲೆಂದರೆ ಏನೆಂಬುದು ನಮ್ಮಿಬ್ಬರಿಗೂ ಹುಟ್ಟಿದಂದಿನಿಂದ ಗೊತ್ತಿತ್ತಲ್ಲ.

ಹೆಸರಿಡುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಸ್ಯಾಟಲೈಟಿನ ಬೀಗರ ಸೊಸೈಟಿಯ ಗೇಟಿನಲ್ಲಿ ಟೆಂಪೋ ನಿಂತಿತು. ಶಾಸ್ತ್ರ ಹನ್ನೊಂದೂವರೆಗೆ. ಲಿಫ್ಟಿನಲ್ಲಿ ಹಿಡಿಯದೆ ಎರಡು ಕಂಬಗಳು ಮೆಟ್ಟಿಲು ಹತ್ತಿದವು. ಹಾಲಿನಲ್ಲಿ ಬೀಗರ ಕಡೆಯ ಹೆಂಗಸರೆಲ್ಲ ಸೇರಿದ್ದರು. ಮುದುಕರು ಗೂಟ ಹೊಡೆದು ಒಂದೊಂದೇ ಜೋಡಿಸುತ್ತ ಹೋದಂತೆ ಹೆಂಗಸರ ಮೆಚ್ಚುಗೆಯ ಮಾತು ಏರುತ್ತ ಹೋಯಿತು. ನಾನು ಸೋಫಾದ ಮೇಲೆ ರಾಣಿಯಂತೆ ಕುಳಿತಿದ್ದೆ. ಕೊನೆಯ ಕೊಂಡಿ ಸಿಕ್ಕಿಸಿ ಅವರು ಪಕ್ಕಕ್ಕೆ ಸರಿದರು. ಹಸಿರು ತೊಟ್ಟಿಲು, ಬಂಗಾರದ ಅಂಚು, ಗಿಳಿಗಳ ಸಾಲು. ನಾನು ಎದ್ದು ಎಲ್ಲರೂ ನೋಡುವಂತೆ ನನ್ನ ಕೌದಿಯನ್ನು ಝಾಡಿಸಿ, ಮಡಚಿ, ತೊಟ್ಟಿಲಿನೊಳಗೆ ಇಟ್ಟೆ.

ಕೌದಿ ನೇರವಾಗಿ ನೆಲಕ್ಕೆ ಬಿತ್ತು.

ಬಗ್ಗಿ ನೋಡಿದೆ. ಸುತ್ತ ನಾಲ್ಕು ಹಲಗೆ ಇದ್ದವು. ಕೆಳಗೆ ಬೀಗರ ಮನೆಯ ಟೈಲ್ಸು ಕಾಣುತ್ತಿತ್ತು. ಹಿಂದಿ ಮರೆತುಹೋಯಿತು.

“ತಳಾ ಎಲ್ಲೈತಿ? ತಳಾನ ಇಲ್ಲದ ತೊಟ್ಟಿಲಾ ಯಾರರ ಮಾಡ್ತಾರೇನ್ರೀ?”

ಮುದುಕರಿಗೆ ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ಆದರೆ ಅವರಿಗೆ ತಪ್ಪು ಮಾತ್ರ ಕಾಣಲಿಲ್ಲ. ಜೋಲಿಯ ಬಟ್ಟೆ ಎಲ್ಲಿ ಎಂದು ಅವರೇ ನನ್ನನ್ನು ಕೇಳಿದರು. ಆಗ ಬೀಗಿತ್ತಿ ನನಗೆ ಬಿಡಿಸಿ ಹೇಳಿದರು. ಇಲ್ಲಿಯ ತೊಟ್ಟಿಲಿಗೆ ತಳವಿರುವುದಿಲ್ಲವಂತೆ. ಚೌಕಟ್ಟಿಗೆ ಬಟ್ಟೆಯ ಜೋಲಿ ಕಟ್ಟುತ್ತಾರೆ, ಕೂಸು ಅದರಲ್ಲಿ ಮಲಗುತ್ತದೆ, ಹಗ್ಗ ಹಿಡಿದು ತೂಗುತ್ತಾರೆ. ಇಷ್ಟು ವರ್ಷ ಗುಜರಾತಿನಲ್ಲಿದ್ದು, ಹತ್ತಾರು ಮನೆಗಳಲ್ಲಿ ಅದನ್ನು ನೋಡಿಯೂ, ಇದು ಬಡಪಾಯಿಗಳು ಅವಸರಕ್ಕೆ ಮಾಡಿಕೊಂಡದ್ದೆಂದೇ ನಾನು ತಿಳಿದಿದ್ದೆ. ಅದೇ ಇಲ್ಲಿಯ ತೊಟ್ಟಿಲು ಎಂದು ಒಂದು ದಿನವೂ ತಲೆಗೆ ಹೋಗಿರಲಿಲ್ಲ. ಹೆಂಗಸರು ಆಗಲೇ ಒಂದು ಮೆತ್ತನೆಯ ಬಟ್ಟೆ ತಂದು ನಾಲ್ಕು ಗಂಟು ಹಾಕಲು ಸಿದ್ಧರಾಗಿದ್ದರು. ಅವರ ಪಾಲಿಗೆ ತೊಟ್ಟಿಲು ಪೂರ್ತಿಯಾಗಿತ್ತು, ಸುಂದರವಾಗಿತ್ತು.

ಮಗಳು ಕೂಸನ್ನು ಎತ್ತಿಕೊಂಡು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ನಮ್ಮವರು ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು. ನನಗೆ ಅಳು ಬರುವಂತಿತ್ತು. ಮಗಳನ್ನು ಜೋಲಿಯಲ್ಲಿ ಬೆಳೆಸಿದೆ, ಮೊಮ್ಮಗಳೂ ಜೋಲಿಯಲ್ಲೇ ಮಲಗುವುದಾದರೆ ಈ ನಲವತ್ತು ದಿನ ನಾನು ಕುಣಿದದ್ದು ಯಾಕೆ? ಜೋಲಿ ಬೇಡ ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು.

ಮುದುಕರು ಗಡಿಯಾರ ನೋಡಿದರು. ಹತ್ತು ಗಂಟೆ. ಹಲಗೆ ಕೂರಿಸುವುದು ದೊಡ್ಡ ಕೆಲಸವಲ್ಲ, ಹಲಗೆ ಬೇಕಲ್ಲ ಎಂದರು. ಅಂಗಡಿಯ ಹೊಸ ಮರ ಹಸಿಯಾಗಿರುತ್ತದೆ, ಒಂದು ಬೇಸಿಗೆಗೆ ಸೊಟ್ಟಗಾಗುತ್ತದೆ. ಅಳಿಯ ಪ್ಲೈವುಡ್ಡು ತರಲೇ ಎಂದ. ಅವರು ಅವನ ಕಡೆ ನೋಡಿದ ನೋಟಕ್ಕೆ ಅವನು ಆ ಪದವನ್ನು ಮತ್ತೆ ಎತ್ತಲಿಲ್ಲ.

ಬೀಗಿತ್ತಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಗನನ್ನು ಕರೆದರು. ಏಣಿ ಎಳೆದ ಸದ್ದು, ಸ್ಟೀಲಿನ ಪಾತ್ರೆಗಳು ಸರಿದ ಸದ್ದು. ಅಡುಗೆಮನೆಯ ಅಟ್ಟದಿಂದ ಅಮ್ಮ ಮಗ ಇಬ್ಬರೂ ಸೇರಿ ಒಂದು ಉದ್ದನೆಯ ಗಂಟು ಇಳಿಸಿ ತಂದರು. ಹಳೆಯ ಚಾದರ ಬಿಚ್ಚಿದರೆ ಒಳಗೆ ದಪ್ಪನೆಯ ಸಾಗವಾನಿಯ ಹಲಗೆ, ಅಂಚುಗಳು ಸವೆದು ದುಂಡಾಗಿದ್ದವು. ಹಳೆಯ ಅಹಮದಾಬಾದಿನ ಓಣಿಯಲ್ಲಿದ್ದ ಅವರ ಮೊದಲ ಮನೆಯ ತೂಗುಮಂಚದ್ದು ಅದು. ಗುಜರಾತಿಗಳ ಮನೆಯಲ್ಲಿ ತೂಗುಮಂಚವೆಂದರೆ ಏನೆಂದು ನನಗೆ ಗೊತ್ತು. ಸಂಸಾರವೆಲ್ಲ ಅದರ ಮೇಲೇ ನಡೆಯುತ್ತದೆ. ಬೀಗಿತ್ತಿ ಮದುವೆಯಾಗಿ ಬಂದ ದಿನ ಮೊದಲು ಕುಳಿತದ್ದು ಈ ಹಲಗೆಯ ಮೇಲಂತೆ. ಫ್ಲ್ಯಾಟಿಗೆ ಬಂದಾಗ ಇಲ್ಲಿಯ ಬಾಲ್ಕನಿಗೆ ಉದ್ದ ಹೆಚ್ಚಾಯಿತು, ಮಾರಲು ಮನಸ್ಸಾಗಲಿಲ್ಲ, ಅಟ್ಟಕ್ಕೆ ಹಾಕಿದರು.

ಮುದುಕರು ಬೆರಳ ಗೆಣ್ಣಿನಿಂದ ಬಡಿದು ನೋಡಿದರು, ಉಗುರಿನಿಂದ ಕೆರೆದು ಮೂಸಿದರು. ಅವರ ಮುಖದಲ್ಲಿ ಆಸೆ ಕಂಡಿತು. ಆದರೂ ಗರಗಸ ಎತ್ತಲಿಲ್ಲ. ಇಂಥ ಮರ ಈಗ ಸಿಗುವುದಿಲ್ಲ, ಕತ್ತರಿಸಿದರೆ ಮತ್ತೆ ತೂಗುಮಂಚವಾಗುವುದಿಲ್ಲ, ಯೋಚಿಸಿ ಹೇಳಿ ಎಂದರು. ನಾನು ಓಡಿಹೋಗಿ ಹಲಗೆಯ ಮೇಲೆ ಕೈಯಿಟ್ಟೆ. ಬೇಡವೇ ಬೇಡ, ಜೋಲಿಯೇ ಕಟ್ಟೋಣ, ನನ್ನ ಹಟ ಸಾಕು ಎಂದೆ. ನಿಜಕ್ಕೂ ಸಾಕಾಗಿತ್ತು. ನನ್ನ ಆಸೆಗಾಗಿ ಇನ್ನೊಬ್ಬಳ ಸಂಸಾರದ ಹಲಗೆಗೆ ಗರಗಸ ಹಾಕುವುದು ಯಾವ ನ್ಯಾಯ? ಆದರೆ ಹಟದಲ್ಲಿ ಆಕೆ ನನಗಿಂತ ಒಂದು ಕೈ ಮೇಲೆಂದು ಆ ದಿನವೇ ನನಗೆ ಗೊತ್ತಾದದ್ದು. ನನ್ನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಅವರು ಹಿಂದಿಯಲ್ಲಿ ಹೇಳಿದ್ದರ ಅರ್ಥ ಇಷ್ಟು:

“ಹನ್ನೆರಡು ವರ್ಷ ಇದು ಅಟ್ಟದಲ್ಲಿ ಮಲಗಿದೆ. ಇದರ ಮೇಲೆ ಈ ಮನೆಯ ಮಕ್ಕಳು ಮಲಗಬೇಕೇ ಹೊರತು ಧೂಳಲ್ಲ. ಕಾಕಾ, ಕತ್ತರಿಸಿ.”

ಗರಗಸ ಬಾಲ್ಕನಿಯಲ್ಲಿ ಓಡಿತು. ಹಳೆಯ ಸಾಗವಾನಿಯ ವಾಸನೆ ಹಾಲಿನ ತುಂಬ ಹರಡಿತು. ಬೀಗಿತ್ತಿ ಕದಲದೆ ನಿಂತು ನೋಡಿದರು. ನಾನು ಅವರ ಪಕ್ಕದಲ್ಲೇ ನಿಂತೆ, ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮುದುಕರು ಹತ್ತರಿ ಹೊಡೆದು ಅಂಚು ನಯ ಮಾಡಿ, ತೊಟ್ಟಿಲಿನ ಒಳಮಗ್ಗುಲಿಗೆ ಎರಡು ಪಟ್ಟಿ ಕೂರಿಸಿ, ಅದರ ಮೇಲೆ ಹಲಗೆಯನ್ನು ಇಳಿಸಿದರು. ಒಂದು ಕೂದಲಿನಷ್ಟೂ ಸಂದಿಯಿಲ್ಲ. ಎರಡೂ ಅಂಗೈ ಊರಿ ಮೈಭಾರ ಹಾಕಿ ನೋಡಿದರು. ಉಳಿದ ತುಂಡನ್ನು ಏನು ಮಾಡಲಿ ಎಂದು ಕೇಳಿದಾಗ ಬೀಗಿತ್ತಿ, ಎತ್ತಿಡಿ, ಮುಂದಿನ ಕೂಸಿಗಾಗುತ್ತದೆ ಎಂದರು. ಬಾಣಂತಿ ಮಗಳು ಅತ್ತೆಯನ್ನೂ ನನ್ನನ್ನೂ ಸರದಿಯಂತೆ ದುರುಗುಟ್ಟಿ ನೋಡಿದಳು. ಮೊದಲು ಯಾರು ನಕ್ಕರೋ ಗೊತ್ತಿಲ್ಲ, ಆಮೇಲೆ ಆ ಹಾಲಿನಲ್ಲಿ ನಗದೆ ಉಳಿದವರು ಯಾರೂ ಇರಲಿಲ್ಲ.

ಹನ್ನೊಂದೂವರೆ ಅಲ್ಲ, ಹನ್ನೆರಡಾಯಿತು. ಕೌದಿ ಈ ಸಲ ಹಾಸಿದಲ್ಲಿಯೇ ನಿಂತಿತು. ಹೆಸರು ಹೇಳಬೇಕಾದವಳು ಅಳಿಯನ ತಂಗಿ. ನಮ್ಮಲ್ಲಿ ಸೋದರತ್ತೆ ಹೆಸರಿಡುವಂತೆ ಅವರಲ್ಲಿಯೂ ಅದೇ ಪದ್ಧತಿ. ಆಕೆ ಹೊಸ ಸೀರೆಯ ಸೆರಗು ತಿದ್ದಿಕೊಳ್ಳುತ್ತ ಕಾಯುತ್ತಿದ್ದಳು. ಅದಕ್ಕೆ ಮೊದಲು ನಮ್ಮದೊಂದು ಶಾಸ್ತ್ರವಿದೆ ಎಂದು ನಾನು ಕೇಳಿಕೊಂಡೆ. ತೊಟ್ಟಿಲಿನ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು ನಿಂತು ಕೂಸನ್ನು ಕೆಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ, ಮತ್ತೆ ಕೆಳಗಿನಿಂದ ಒಮ್ಮೆ ಕೈಯಿಂದ ಕೈಗೆ ದಾಟಿಸಬೇಕು. ಕೊನೆಗೆ ಕೂಸು ಯಾರ ಕೈಯಲ್ಲಿ ಉಳಿಯುತ್ತದೆಯೋ ಅವರು ಮಲಗಿಸಬೇಕು. ಆ ಕಡೆ ಮಗಳನ್ನು ನಿಲ್ಲಿಸಿ, ಅವಳಿಂದ ಶುರು ಮಾಡಿಸಿ, ಕೊನೆಗೆ ನಾನೇ ಮಲಗಿಸುವುದೆಂದು ನಲವತ್ತು ದಿನದಿಂದ ಲೆಕ್ಕ ಹಾಕಿ ಇಟ್ಟಿದ್ದೆ.

ಮಗಳು ಕೂಸನ್ನು ಹಿಡಿದು ಮುಂದೆ ಬಂದಳು. ನಾನು ಕೂಸನ್ನು ಅವಳಿಂದ ಇಸಿದುಕೊಂಡು, ಎದುರಿಗೆ ನಿಲ್ಲಲು ಬೀಗಿತ್ತಿಯನ್ನು ಕರೆದೆ. ಅವರು ನಾನಾ ಎಂದು ಕೇಳುವಂತೆ ಎದೆಯ ಮೇಲೆ ಕೈಯಿಟ್ಟುಕೊಂಡು, ಆಮೇಲೆ ಬಂದು ನಿಂತರು. ನಾನೇ ಶುರು ಮಾಡಿದೆ. ಕೆಳಗಿನಿಂದ ಕೊಟ್ಟೆ, ಅವರು ಮಂಡಿಯೂರಿ ತೆಗೆದುಕೊಂಡರು. ಮೇಲಿನಿಂದ ಕೊಟ್ಟರು, ತೆಗೆದುಕೊಂಡೆ. ಮೂರನೆಯ ಸಲ ಕೆಳಗಿನಿಂದ ಕೊಡುವಾಗ ನನ್ನ ಕೈ ಒಂದು ಕ್ಷಣ ತಡೆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೊಟ್ಟೆ. ಕೊಟ್ಟಾಗ ಎದೆ ಹಗುರಾಯಿತು, ಅದೂ ಸುಳ್ಳಲ್ಲ.

ಅವರು ಕೂಸನ್ನು ಹಿಡಿದು ಎದ್ದು ನಿಂತರು, ಆದರೆ ಮಲಗಿಸಲಿಲ್ಲ. ಇನ್ನೊಮ್ಮೆ ನನ್ನ ಮುಖ ನೋಡಿ, ಕೂಸಿನ ಕಾಲುಗಳನ್ನು ತೊಟ್ಟಿಲಿನ ಮೇಲಿನಿಂದ ನನ್ನ ಕಡೆ ಚಾಚಿದರು. ತಲೆ ಅವರ ಅಂಗೈಯಲ್ಲಿ, ಕಾಲು ನನ್ನ ಅಂಗೈಯಲ್ಲಿ. ಇಬ್ಬರೂ ಒಟ್ಟಿಗೆ ಬಗ್ಗಿ ಇಳಿಸಿದೆವು. ಕೂಸು ಒಮ್ಮೆ ಆಕಳಿಸಿ ಕಣ್ಣು ಮುಚ್ಚಿತು. ಸೋದರತ್ತೆ ಹೆಸರು ಹೇಳಲು ಬಗ್ಗಿದಳು, ಹಿಂದಿನಿಂದ ಯಾರೋ ಇನ್ನು ಕೈ ತೆಗೆಯಿರಿ ಎಂದರು. ನಾವಿಬ್ಬರೂ ಮತ್ತೊಬ್ಬರು ಮೊದಲು ತೆಗೆಯಲಿ ಎಂದು ಕಾಯುತ್ತಿದ್ದೆವು.